ಧರ್ಮಪುರದ ಬಸ್ಸು ಯಾಕೆ ತಡ?

ಹೋದ ತಿಂಗಳು ನನ್ನ ತಂಗಿಯ ಮಗಳು ಸವಿತಾ ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದಳು. ಮೊದಲ ವಾರ ಮುಗಿಸಿಕೊಂಡು ಹೊಸದುರ್ಗದ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಮಾವ, ಈ ಜನಕ್ಕೆ ಏನಾಗೈತೆ?" ಅಂದಳು. ಕೆಲಸ ಹೇಗಿದೆ ಎಂದು ನಾನು ಮತ್ತೆ ಕೇಳಲಿಲ್ಲ. ಅವಳಿಗೆ ಕೆಲಸ ಅರ್ಥವಾಗತೊಡಗಿತ್ತು.

ಆ ಸಂಜೆ ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಈಗ ಬರೆಯಲು ಕುಳಿತಿದ್ದೇನೆ. ಹೊಸದಾಗಿ ಖಾಕಿ ಹಾಕಿದ ಇನ್ನೂ ಹಲವರಿಗೆ ಇದು ಬೇಕಾಗಬಹುದು. ನನ್ನ ಹೆಸರು ಪರಮೇಶಪ್ಪ. ಹುಟ್ಟಿದ್ದು ಮಾಡದಕೆರೆ ಕಡೆ. ಮೊದಲು ಕಂಡಕ್ಟರ್ ಆಗಿ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳ ನಡುವೆ ನಿಂತುಕೊಂಡೇ ಓಡಾಡಿದೆ. ಆಮೇಲೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಕುಳಿತೆ. ಕಂಟ್ರೋಲರ್ ಅಂದರೆ ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡವನು ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಬಸ್ಸು ಬಂದದ್ದು ಹೋದದ್ದು ಬರೆದುಕೊಂಡು, ಮೈಕಿನಲ್ಲಿ ಊರುಗಳ ಹೆಸರು ಕೂಗಿ, ಉಳಿದ ಹೊತ್ತಿನಲ್ಲಿ ಬೈಸಿಕೊಳ್ಳುವವನೇ ಕಂಟ್ರೋಲರ್. ಬಸ್ಸು ಬಾರದಿದ್ದರೆ ನಾನು ಹೋಗಿ ತರಲಾರೆ, ಹೊರಟರೆ ಹಿಡಿದು ನಿಲ್ಲಿಸಲಾರೆ. ಆದರೆ ಕಿಟಕಿಯ ಈಚೆಗೆ ಒಬ್ಬ ಮನುಷ್ಯ ಕೂತಿದ್ದಾನೆ ಎಂದ ಮೇಲೆ ಜನ ಅವನನ್ನೇ ಕೇಳಬೇಕಲ್ಲ.

ಕೇಳುವ ರೀತಿಯನ್ನಾದರೂ ಹೇಳುತ್ತೇನೆ. ಬಸ್ಸಿನ ನೆತ್ತಿಯ ಮೇಲೆ ಹೊಳಲ್ಕೆರೆ ಎಂದು ಬರೆದಿರುತ್ತದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಹೊಳಲ್ಕೆರೆ, ಹೊಳಲ್ಕೆರೆ ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ನಾನೂ ಮೈಕಿನಲ್ಲಿ ಅದನ್ನೇ ಹೇಳಿ ಮೈಕು ಕೆಳಗಿಡುತ್ತೇನೆ. ಆಗ ಒಬ್ಬರು ಕಿಟಕಿಗೆ ಬಂದು, "ಸಾರ್, ಹೊಳಲ್ಕೆರೆ ಬಸ್ ಯಾವಾಗೈತೆ?" ಅನ್ನುತ್ತಾರೆ. ಅದೇ ನಿಂತಿದೆಯಲ್ಲ ಎಂದು ಕೈ ತೋರಿಸಿದರೆ, "ಅದು ಹೊಳಲ್ಕೆರೆಗೆ ಹೋಗ್ತೈತಾ?" ಹೌದು ಎಂದರೆ, "ಖಂಡಿತ ಹೋಗ್ತೈತಾ?" ಅಷ್ಟರಲ್ಲಿ ಅದು ಹೋಗಿರುತ್ತದೆ. ಆಮೇಲೆ ಅವರು ಬೈಯುವುದು ನನ್ನನ್ನೇ.

ಕಂಡಕ್ಟರ್ ಆಗಿದ್ದ ದಿನಗಳ ಒಂದು ಪ್ರಸಂಗವನ್ನು ಸವಿತಾ ಎರಡು ಸಲ ಹೇಳಿಸಿದಳು. ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತು. ಟವೆಲ್ಲಿಗೆ ಬೆಲೆ ಕಡಿಮೆಯಾದ ಮೇಲೆ ಚೀಲ ಬಂತು, ಚಪ್ಪಲಿ ಬಂತು, ಒಮ್ಮೆ ಒಬ್ಬರು ಹಲಸಿನ ಹಣ್ಣನ್ನೇ ಇಳಿಸಿದರು. ಮದುವೆಗಳ ಕಾಲದ ಒಂದು ದಿನ ಹೊಳಲ್ಕೆರೆ ನಿಲ್ದಾಣದಲ್ಲಿ ಒಬ್ಬ ಮಹಾಶಯ ತನ್ನ ಪುಟ್ಟ ಮಗಳನ್ನೇ ಎತ್ತಿ ಕಿಟಕಿಯಿಂದ ಒಳಗೆ ಬಿಟ್ಟ. ಅವನಿಗೆ ಹೋಗಬೇಕಾಗಿದ್ದದ್ದು ಭೀಮಸಮುದ್ರಕ್ಕೆ. ಮಗುವನ್ನು ಬಿಟ್ಟದ್ದು ನನ್ನ ಹೊಸದುರ್ಗದ ಬಸ್ಸಿಗೆ. ಬಾಗಿಲ ಹತ್ತಿರ ನೂಕುನುಗ್ಗಲಿನಲ್ಲಿ ಅವನ ಹೆಂಡತಿ, "ರೀ, ಭೀಮಸಮುದ್ರದ್ದು ಅಲ್ಲಿ ನಿಂತೈತೆ" ಎಂದು ಅವನನ್ನು ಎಳೆದುಕೊಂಡು ಹೋಗಿ ಆ ಬಸ್ಸಿನ ಮುಂಬಾಗಿಲಿಗೆ ಹತ್ತಿಸಿದಳು, ತಾನು ಹಿಂಬಾಗಿಲಿಗೆ ಹತ್ತಿದಳು. ಮಗು ಅವನ ಹತ್ತಿರ ಇದೆ ಎಂದು ಅವಳು, ಅವಳು ಇಳಿಸಿಕೊಂಡಿದ್ದಾಳೆ ಎಂದು ಗಾಬರಿಯಲ್ಲಿ ಅವನು.

ಊರು ದಾಟಿದ ಮೇಲೆ ಟಿಕೆಟ್ ಕೊಡುತ್ತ ಬಂದರೆ, ತುಂಬಿದ ಬಸ್ಸಿನಲ್ಲಿ ಮೂರು ಜನರ ಸೀಟಿನ ಮೇಲೆ ಒಂದು ಮಗು ಕೈಕಾಲು ಅಗಲಿಸಿ ಮಲಗಿದೆ. ಸುತ್ತ ದೊಡ್ಡವರೆಲ್ಲ ನಿಂತಿದ್ದಾರೆ. ಯಾರಾದರೂ ಹತ್ತಿರ ಬಂದರೆ, "ನಮ್ಮಪ್ಪ ಬತ್ತಾನೆ, ಕುಂತ್ಕಬ್ಯಾಡ್ರಿ!" ಎಂದು ಕಿರುಚುತ್ತದೆ. ಅಪ್ಪ ಎಲ್ಲಿ ಎಂದರೆ ಕಿಟಕಿ ತೋರಿಸುತ್ತದೆ. ಬಸ್ಸು ತಿರುಗಿಸಿದೆವು. ಮದುವೆಗೆ ಹೊರಟವರೆಲ್ಲ ಮುಹೂರ್ತ ತಪ್ಪುತ್ತದೆ ಎಂದು ಬೈದರು. ಊರ ಅಂಚಿನಲ್ಲಿ ಆ ಮನುಷ್ಯ ಪಂಚೆ ಎತ್ತಿ ಕಟ್ಟಿಕೊಂಡು ನಮ್ಮೆದುರಿಗೇ ಓಡಿ ಬರುತ್ತಿದ್ದ. ಮಗುವನ್ನು ಎತ್ತಿಕೊಂಡು ಅತ್ತ. ಕಣ್ಣು ಒರೆಸಿಕೊಂಡ ಮೇಲೆ ನನ್ನ ಕಡೆ ತಿರುಗಿ, "ಬೋರ್ಡು ಸ್ವಲ್ಪ ದೊಡ್ಡದಾಗಿ ಬರಸಬಾರದೇನ್ರಿ?" ಅಂದ. ನಾನು ಸೀಟಿ ಊದಿ ಬಸ್ಸು ಹೊರಡಿಸಿದೆ. ನಮ್ಮ ಕೆಲಸದಲ್ಲಿ ಏನೂ ಹೇಳದೆ ಇರುವುದನ್ನು ಬೇಗ ಕಲಿಯಬೇಕು.

ಕಾಲ ಬದಲಾದ ಹಾಗೆ ಕೆಲಸದ ರೀತಿಯೂ ಬದಲಾಯಿತು. ಟಿಕೆಟ್ ಹರಿದು ಕೊಡುವುದು ಹೋಗಿ ಮಿಷನ್ನು ಬಂತು. ನನ್ನ ಗಂಟಲಿಗೆ ಬಿಡುವು ಕೊಡಲು ರೆಕಾರ್ಡು ಮಾಡಿದ ಹೆಣ್ಣುದನಿ ಬಂತು. ಬಸ್ಸು ಎಲ್ಲೋ ಪಂಕ್ಚರ್ ಆಗಿ ನಿಂತಿದ್ದರೂ ಆ ದನಿ ನಯವಾಗಿ, ಬಸ್ಸು ಎರಡನೇ ಅಂಕಣದಿಂದ ಹೊರಡಲಿದೆ ಎಂದು ಹೇಳುತ್ತಿತ್ತು. ಜನ ಎರಡನೇ ಅಂಕಣಕ್ಕೆ ಓಡುತ್ತಿದ್ದರು. ಖಾಲಿ ಅಂಕಣ ನೋಡಿ ನನ್ನ ಕಿಟಕಿಗೆ ಓಡುತ್ತಿದ್ದರು. ಆ ಹೆಣ್ಣುಮಗಳು ಬೈಯಲು ಸಿಗುವುದಿಲ್ಲವಲ್ಲ.

ಹೆದ್ದಾರಿ ಅಗಲವಾಯಿತು, ಬೈಪಾಸ್ ಬಂತು. ಅದರಿಂದ ದೂರದ ಊರಿನವರಿಗೆ ಸುಖವಾಯಿತು, ಹಿರಿಯೂರಿನವರಿಗೆ ಕಾಟ ಶುರುವಾಯಿತು. ಎಕ್ಸ್‌ಪ್ರೆಸ್ ಬಸ್ಸುಗಳು ಊರೊಳಗೆ ಬರುವುದನ್ನು ಬಿಟ್ಟು ಬೈಪಾಸಿನಲ್ಲೇ ಹೋಗತೊಡಗಿದವು. ಇಳಿಯುವವರನ್ನು ಹೆದ್ದಾರಿಯ ಅಂಚಿನಲ್ಲಿ ಮೂಟೆ ಸಮೇತ ಇಳಿಸಿ ಹೋಗುವರು. ಬಿಸಿಲಿನಲ್ಲಿ ನಡೆದು ನಿಲ್ದಾಣ ಮುಟ್ಟುವ ಹೊತ್ತಿಗೆ ಅವರ ಬಾಯಿಗೆ ಬಂದದ್ದೆಲ್ಲ ನನ್ನ ಕಿಟಕಿಯೊಳಗೆ ಬಂದು ಬೀಳುತ್ತಿತ್ತು. ನನ್ನದೇ ಪಾಡನ್ನೂ ಹೇಳಬೇಕೆಂದರೆ, ನಾನೂ ದಿನಾ ಹೊಸದುರ್ಗದಿಂದ ಹಿರಿಯೂರಿಗೆ ಬಸ್ಸಿನಲ್ಲೇ ಓಡಾಡುತ್ತಿದ್ದವನು. ಸಂಜೆ ನಾನೇ ಮೈಕಿನಲ್ಲಿ ಕೂಗಿ ತುಂಬಿಸಿದ ಬಸ್ಸಿನಲ್ಲಿ ನನಗೇ ನಿಲ್ಲಲು ಜಾಗವಿರುತ್ತಿರಲಿಲ್ಲ.

ಇಷ್ಟೆಲ್ಲ ಕಿರಿಕಿರಿಯ ನಡುವೆ ನನ್ನನ್ನು ನಿಜವಾಗಿಯೂ ಹಣ್ಣು ಮಾಡಿದ್ದು ಧರ್ಮಪುರದ ಬಸ್ಸು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ಬಸ್ಸು ರಾತ್ರಿ ಧರ್ಮಪುರದಲ್ಲಿ ತಂಗಿ ಬೆಳಗ್ಗೆ ಹಿರಿಯೂರಿಗೆ ಬರುತ್ತಿತ್ತು. ಅದರಲ್ಲಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸರು. ಅವರ ಗಾರ್ಮೆಂಟ್ಸ್ ಇದ್ದದ್ದು ಹಿರಿಯೂರು ದಾಟಿ ಚಿತ್ರದುರ್ಗದ ದಾರಿಯಲ್ಲಿ. ಹಾಗಾಗಿ ಹಿರಿಯೂರಲ್ಲಿ ಇಳಿದು ದುರ್ಗಕ್ಕೆ ಹೋಗಿ ಬರುವ ಶಟಲ್ ಬಸ್ಸು ಹತ್ತಬೇಕು. ಬೇರೆ ಯಾವ ಬಸ್ಸೂ ಅವರ ಗೇಟಿನ ಮುಂದೆ ನಿಲ್ಲುವುದಿಲ್ಲ. ಶಟಲ್ ತಪ್ಪಿದರೆ ಗೇಟು ಮುಚ್ಚುತ್ತದೆ. ಗೇಟು ಮುಚ್ಚಿದರೆ ಅರ್ಧ ದಿನದ ಕೂಲಿ ಇಲ್ಲ. ಪದೇ ಪದೇ ಹಾಗಾದರೆ ಕೆಲಸವೇ ಇಲ್ಲ.

ಧರ್ಮಪುರದ ಬಸ್ಸಿನ ವಿಚಿತ್ರ ಏನೆಂದರೆ, ಒಂದು ದಿನ ಗಡಿಯಾರ ಹಿಡಿದ ಹಾಗೆ ಬರುತ್ತಿತ್ತು, ಮರುದಿನ ಶಟಲ್ ಹೋದ ಮೇಲೆ ಉಸ್ಸೆಂದು ಬಂದು ನಿಲ್ಲುತ್ತಿತ್ತು. ಡ್ರೈವರ್ ತಿಪ್ಪೇಶಿಯನ್ನು ಯಾಕಪ್ಪ ತಡ ಎಂದು ಕೇಳಿದರೆ, "ದಾರ್ಯಾಗೆ ಜನ ಜಾಸ್ತಿ ಸಾ" ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಅವನು ಕುಡಿಯುವವನಲ್ಲ, ಸೋಮಾರಿಯೂ ಅಲ್ಲ. ಆದರೂ ರಿಜಿಸ್ಟರಿನಲ್ಲಿ ನನ್ನ ಕೈ 'ಚಾಲಕನಿಂದ ವಿಳಂಬ' ಎಂದು ಬರೆಯುತ್ತಿತ್ತು. ಆ ಜಾಗದಲ್ಲಿ ಬರೆಯಲು ಬೇರೆ ಏನೂ ಇರಲಿಲ್ಲ.

ಶಟಲ್ ತಪ್ಪಿದ ದಿನ ಮೊದಲು ನನ್ನ ಕಿಟಕಿಗೆ ಬರುತ್ತಿದ್ದವಳು ನಾಗವೇಣಿ. ಧರ್ಮಪುರದ ದಾರಿಯ ಬಿಳಿಗಲ್ಲಹಟ್ಟಿ ಎಂಬ ಊರಿನವಳು. ಗಂಡ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ಅಲೆಯುವವನು. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಎತ್ತರದ ಆಳು, ಮೈಕು ಬೇಡದ ಗಂಟಲು.

"ಏನಣ್ಣ, ಕಣ್ ಮುಂದೇನೇ ಬಿಟ್ರಲ್ಲ! ನಾವು ಓಡಿ ಬರಾದು ಕಾಣ್ಲಿಲ್ವಾ?"

"ಕಾಣ್ತಮ್ಮ. ಟೈಮಾಗಿತ್ತು."

"ಅದಕ್ಕೆ ಟೈಮೈತೆ, ನಮ್ ಬಸ್ಸಿಗೆ ಇಲ್ವಾ? ಅದೂ ನಿಮ್ದೇ, ಇದೂ ನಿಮ್ದೇ. ಎರಡಕ್ಕೂ ಮಾತಿಲ್ಲೇನು?"

ಸರಿಯಾದ ಮಾತಾದ್ದರಿಂದಲೇ ನನಗೆ ಸಿಟ್ಟು ಬರುತ್ತಿತ್ತು. ದಿನ ಬಿಟ್ಟು ದಿನ ಒಬ್ಬ ಹೆಂಗಸಿನಿಂದ ಬೈಸಿಕೊಂಡೇ ಬೆಳಗಿನ ಕಾಫಿ ಕುಡಿಯುವುದು ಎಂದರೆ ಹೇಗಿರುತ್ತದೆ? ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ತಿಪ್ಪೇಶಿಯ ಕಂಡಕ್ಟರಿಗೆ ಫೋನ್ ಮಾಡಿ, ಬಸ್ಸು ಊರ ಹತ್ತಿರ ಬಂದಿದ್ದರೆ ಶಟಲ್ಲನ್ನು ತಡೆದು ನಿಲ್ಲಿಸತೊಡಗಿದೆ.

ಆಗ ಶಟಲ್ಲಿನಲ್ಲಿ ಕುಳಿತವರು ಶುರು ಮಾಡಿದರು. ಅವರಲ್ಲಿ ಮೇಷ್ಟರುಗಳಿದ್ದರು, ಕಚೇರಿಗಳಿಗೆ ಹೋಗುವವರಿದ್ದರು, ಆಸ್ಪತ್ರೆಗೆ ಹೊರಟವರಿದ್ದರು. "ಯಾರ ಮನೆ ಬೀಗ್ರು ಬರ್ತಾರೆ ಅಂತ ನಿಲ್ಸಿದ್ದೀರಿ?" ಎಂದು ಒಬ್ಬರು. "ನಮ್ಗೂ ಬಯೋಮೆಟ್ರಿಕ್ ಐತೆ ಕಂಡ್ರಿ, ನೀವು ಬಂದು ಬೆರಳು ಒತ್ತುತೀರಾ?" ಎಂದು ಇನ್ನೊಬ್ಬರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಗವೇಣಿ ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಯಾರದೂ ತಪ್ಪಿಲ್ಲದೆ ಎಲ್ಲರಿಗೂ ತೊಂದರೆಯಾಗುವುದನ್ನು ನೋಡುತ್ತ ಕೂರುವುದೇ ನಮ್ಮ ಕೆಲಸದ ನಿಜವಾದ ಕಷ್ಟ.

ಕೆಲವೇ ದಿನಗಳಲ್ಲಿ ಡಿಪೋ ಮ್ಯಾನೇಜರ್ ಸಾಹೇಬರಿಂದ ಕರೆ ಬಂತು. ಅವರು ಹೊಸದಾಗಿ ಬಂದವರು, ಇನ್ನೂ ಚಿಕ್ಕ ವಯಸ್ಸು. ದನಿ ಎತ್ತುವವರಲ್ಲ. ತಮ್ಮ ಮುಂದಿದ್ದ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ಬಸ್ಸುಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು.

"ಪರಮೇಶಪ್ಪನವರೇ, ನೀವು ಶಟಲ್ ತಡೆದದ್ದೆಲ್ಲ ಇಲ್ಲಿ ಕಾಣುತ್ತೆ. ಬೆಳಗ್ಗೆ ನೀವು ಅದನ್ನ ನಿಲ್ಲಿಸಿದರೆ ದುರ್ಗದಲ್ಲಿ ಅದರ ಮುಂದಿನ ಟ್ರಿಪ್ ತಡ. ಆ ಟ್ರಿಪ್ಪಿನ ಜನ ನನಗೆ ಫೋನ್ ಮಾಡ್ತಾರೆ."

"ಸಾರ್, ಧರ್ಮಪುರದ ಹೆಂಗಸರು..."

"ಧರ್ಮಪುರದ ಬಸ್ಸನ್ನ ಸರಿ ಮಾಡೋಣ. ಆ ಡ್ರೈವರಿಗೂ ನೋಟಿಸ್ ಕೊಡ್ತೀನಿ. ಶಟಲ್ಲನ್ನ ಮಾತ್ರ ನಿಲ್ಲಿಸಬೇಡಿ."

ನನಗೊಂದು ಮೆಮೊ ಕೊಟ್ಟರು. ಕೊಡುವಾಗ ಅವರ ಮುಖವೂ ಚೆನ್ನಾಗಿರಲಿಲ್ಲ. ಅವರ ಮೇಲೂ ಒಬ್ಬರು ಕೂತು ಅದೇ ಇರುವೆಗಳನ್ನು ನೋಡುತ್ತಿದ್ದರು.

ನಾನು ಶಟಲ್ ತಡೆಯುವುದನ್ನು ಬಿಟ್ಟೆ. ನಾಗವೇಣಿಯ ಬೈಗುಳ ಮುಂದುವರಿಯಿತು. ಒಂದು ದಿನ ಅವಳು ಬೆಳಗ್ಗೆ ಕಿಟಕಿಗೆ ಬರಲಿಲ್ಲ, ಮಧ್ಯಾಹ್ನ ಬಂದಳು. ದುರ್ಗದ ಕಡೆಯಿಂದ ಬಂದ ಬಸ್ಸಿನಿಂದ ಇಳಿದು ಕಿಟಕಿಯ ಹತ್ತಿರ ಬಂದು ಸುಮ್ಮನೆ ನಿಂತಳು. ಬೈಯಲಿಲ್ಲ. ನನಗೆ ಅದೇ ಗಾಬರಿಯಾಯಿತು.

"ಯಾಕಮ್ಮ, ಈಗ ಬಂದ್ರಿ?"

"ಧರ್ಮಪುರಕ್ಕೆ ಬಸ್ ಯಾವಾಗೈತಣ್ಣ?"

"ಇನ್ನೂ ಹೊತ್ತೈತೆ. ಹುಷಾರಿಲ್ವಾ?"

"ಹೆಸ್ರು ತೆಗೆದ್ರು. ಇನ್ ಬರಾದು ಬ್ಯಾಡ ಅಂದ್ರು." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಊಟದ ಡಬ್ಬಿ ಹಂಗೇ ಐತೆ. ಎಲ್ಲಿ ಕುಂತು ಉಣ್ಣಾದು ಅಂತ ಗೊತ್ತಾಗ್ಲಿಲ್ಲ."

ನಮ್ಮ ಕೋಣೆಯ ಹಿಂದಿನ ಬೆಂಚು ತೋರಿಸಿದೆ. ಅಲ್ಲಿ ಕುಳಿತು ರೊಟ್ಟಿ ತಿಂದಳು. ಬಸ್ಸು ಬಂದಾಗ ಡಬ್ಬಿ ತೊಳೆದುಕೊಂಡು ಹೊರಟಳು. ನನ್ನನ್ನು ದೂರಲಿಲ್ಲ. ದೂರಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವಾರದ ರಜೆಯ ಹಿಂದಿನ ಸಂಜೆ ನಾನು ಮನೆಗೆ ಹೋಗಲಿಲ್ಲ. ಧರ್ಮಪುರಕ್ಕೆ ಹೋಗುವ ಇನ್ನೊಂದು ಬಸ್ಸು ಹತ್ತಿ ಅಲ್ಲಿಯೇ ಉಳಿದು, ಬೆಳಗ್ಗೆ ತಿಪ್ಪೇಶಿಯ ಪಕ್ಕದ ಸೀಟಿನಲ್ಲಿ ಕುಳಿತೆ. ನನ್ನನ್ನು ನೋಡಿ ಅವನ ಮುಖ ಸಣ್ಣದಾಯಿತು. "ತನಿಖೆನಾ ಸಾ?" ಅಂದ. "ಬಸ್ಸು ಯಾಕೆ ತಡ ಆಗ್ತೈತೆ ಅಂತ ನೋಡಾಕೆ ಬಂದೀನಿ ಕಣಪ್ಪ, ನಿನ್ನನ್ನ ನೋಡಾಕಲ್ಲ" ಅಂದೆ.

ಬಸ್ಸು ಹೊತ್ತಿಗೆ ಸರಿಯಾಗಿಯೇ ಹೊರಟಿತು. ಶೇಂಗಾ ಹೊಲಗಳ ನಡುವೆ ನಿಂತು ನಿಂತು ಜನರನ್ನು ಹತ್ತಿಸಿಕೊಂಡರೂ ಹೊತ್ತು ಮೀರಲಿಲ್ಲ. ಬಿಳಿಗಲ್ಲಹಟ್ಟಿಗೆ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ಒಬ್ಬಳು ಕಾಲೇಜು ಹುಡುಗಿ ಮಾತ್ರ ಹತ್ತಿ ಕಿಟಕಿಯ ಪಕ್ಕ ಕುಳಿತಳು. ತಿಪ್ಪೇಶಿ ಹಾರ್ನ್ ಹೊಡೆದ. ರಸ್ತೆಯ ಆಚೆ ಒಂದು ನಲ್ಲಿಯ ಸುತ್ತ ಬಣ್ಣಬಣ್ಣದ ಕೊಡಗಳು, ಅದರ ಸುತ್ತ ಅದೇ ಹೆಂಗಸರು. ಒಬ್ಬಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಕೊಡ ಹಿಡಿದಿದ್ದಾಳೆ. ಇನ್ನೊಬ್ಬಳು ತುಂಬಿದ ಕೊಡ ಹೊತ್ತು ಮನೆಯ ಕಡೆ ಓಡುತ್ತಿದ್ದಾಳೆ. ಎಲ್ಲರೂ ನಮ್ಮ ಕಡೆ ಕೈ ಎತ್ತಿ, "ಬಂದ್ವಣ್ಣ, ಒಂದ್ನಿಮಿಷ!" ಅನ್ನುತ್ತಿದ್ದಾರೆ.

"ದಿನ ಬಿಟ್ಟು ದಿನ ನೀರು ಬಿಡ್ತಾರೆ ಸಾ," ಅಂದ ತಿಪ್ಪೇಶಿ. "ನಮ್ ಬಸ್ ಬರಾದೂ ನೀರು ಬರಾದೂ ಒಂದೇ ಹೊತ್ತು. ಬಿಟ್ಟು ಹೋದ್ರೆ ಇವ್ರ ಕೆಲ್ಸ ಹೋಗ್ತೈತೆ. ನೀರು ಬಿಟ್ಟು ಬರ್ರಿ ಅಂದ್ರೆ ಎಲ್ಡು ದಿನ ಮನ್ಯಾಗೆ ಏನು ಕುಡೀತಾರೆ? ನನ್ ಕೈಲಿ ಆಗಲ್ಲ ಸಾ, ಇನ್ನೊಂದು ನೋಟಿಸ್ ಕೊಡ್ಲಿ."

ಆ ಗುಂಪಿನಲ್ಲಿ ನಾಗವೇಣಿಯೂ ಇದ್ದಳು. ನನ್ನನ್ನು ಕಂಡು ಕೊಡ ಕೆಳಗಿಟ್ಟು ಬಂದಳು. "ಏನಣ್ಣ, ಮೈಕು ಬಿಟ್ಟು ಇಲ್ಲಿಗೆ ಬಂದ್ರಿ?"

"ಇದನ್ನ ನನಗೆ ಹೇಳಬಾರದಾಗಿತ್ತಾ ತಾಯಿ?"

"ನೀವು ಕೇಳಿದ್ರಾ? ಡ್ರೈವರ್ ಲೇಟು ಅಂತ ಬರ್ಕಂತಿದ್ರಿ. ನೀರಿನ ಮಾತು ಬಸ್‌ಸ್ಟ್ಯಾಂಡಿನಾಗೆ ಹೇಳಿದ್ರೆ ಯಾರು ಕೇಳ್ತಾರೆ?"

ವಾಲ್ವಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತಿದ್ದವನು ಊರಿಗೆ ನೀರು ಬಿಡುವ ನೀರುಗಂಟಿ ಓಬಳೇಶ. ಅವನ ಹತ್ತಿರ ಹೋದೆ. ಸ್ವಲ್ಪ ಬೇಗ ನೀರು ಬಿಡಲು ಆಗುವುದಿಲ್ಲವೇ ಎಂದು ಕೇಳಿದೆ.

"ನನ್ ಕೈಯಾಗೆ ಏನೈತೆ ಸಾ? ಕರೆಂಟು ಬಂದ್ರೆ ಮೋಟ್ರು, ಮೋಟ್ರು ಓಡಿದ್ರೆ ಟ್ಯಾಂಕು, ಟ್ಯಾಂಕು ತುಂಬಿದ್ರೆ ವಾಲು. ಕರೆಂಟಿನೋರನ್ನ ಕೇಳ್ರಿ."

ನನಗೆ ನಗು ಬಂತು, ಅಳುವೂ ಬಂತು. ಕಿಟಕಿಯ ಈಚೆ ಕುಳಿತು ನಾನು ಹೇಳುವ ಮಾತನ್ನೇ ಅವನು ನನಗೆ ಹೇಳುತ್ತಿದ್ದ. "ಆಯ್ತಪ್ಪ, ನೀರು ಬಂದ ಮೇಲೆ ಮೊದಲು ಯಾವ ಬೀದಿಗೆ ಬಿಡ್ತೀಯ?" ಎಂದೆ.

"ಮೇಲಿನ ಬೀದಿಗೆ. ಆಮೇಲೆ ಇದು, ಕೆಳಗಿನ ಬೀದಿ."

"ಯಾಕೆ?"

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಎನ್ನುವ ಹಾಗೆ ಅವನು ನನ್ನನ್ನು ನೋಡಿದ. "ನಮ್ಮಪ್ಪ ನೀರುಗಂಟಿ ಆಗಿದ್ದಾಗ್ಲೂ ಹಂಗೇ ಬಿಡ್ತಿದ್ದ."

ಮೇಲಿನ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಯಾರೂ ಇರಲಿಲ್ಲ. ಹೊಲ, ಅಂಗಡಿ ಇದ್ದವರು. ಅವರ ಮನೆಯ ತೊಟ್ಟಿಗಳು ತುಂಬಿ ಹರಿದ ಮೇಲೆ ಓಬಳೇಶ ವಾಲ್ವು ತಿರುಗಿಸಿ ಕೆಳಗಿನ ಬೀದಿಗೆ ಬಿಡುತ್ತಿದ್ದ. ಅಷ್ಟು ಹೊತ್ತಿಗೆ ಬಸ್ಸು ಬಂದು ನಿಂತಿರುತ್ತಿತ್ತು. ಒಂದು ವಾಲ್ವು ಮೊದಲು, ಇನ್ನೊಂದು ಆಮೇಲೆ. ಇಷ್ಟರಲ್ಲಿ ಬಸ್ಸು ಸಿಕ್ಕಿಕೊಂಡಿತ್ತು, ನನ್ನ ಮೆಮೊ ಸಿಕ್ಕಿಕೊಂಡಿತ್ತು, ತಿಪ್ಪೇಶಿಯ ನೋಟಿಸ್ ಸಿಕ್ಕಿಕೊಂಡಿತ್ತು, ಒಬ್ಬ ಹೆಂಗಸಿನ ಅನ್ನ ಹೋಗಿತ್ತು.

"ಮೊದ್ಲು ನಮ್ಗೆ ಬಿಡು ಅಂದ್ರೆ ಇವ್ನು ಬಿಡಲ್ಲಣ್ಣ," ಅಂದಳು ನಾಗವೇಣಿ. "ರುದ್ರಪ್ಪಜ್ಜ ಹ್ಞೂಂ ಅನ್ನಬೇಕು."

ರುದ್ರಪ್ಪಜ್ಜ ಮೇಲಿನ ಬೀದಿಯ ಹಿರಿಯರು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಬೀದಿಯ ಬಾಯಲ್ಲಿ ಕಟ್ಟೆಯ ಮೇಲೆ ಕುಳಿತು ಬಸ್ಸಿನ ಕಡೆಗೇ ನೋಡುತ್ತಿದ್ದರು. ಬಸ್ಸಿನಲ್ಲಿ ಆಗಲೇ ಹತ್ತಿ ಕುಳಿತಿದ್ದ ಕಾಲೇಜು ಹುಡುಗಿ ಅವರ ಮೊಮ್ಮಗಳು, ಪಲ್ಲವಿ. ದುರ್ಗದಲ್ಲಿ ಓದುತ್ತಿದ್ದಳು. ನಾಗವೇಣಿ ನೇರವಾಗಿ ಕಟ್ಟೆಯ ಮುಂದೆ ಹೋಗಿ ನಿಂತಳು. ನಾನೂ ಹಿಂದೆ ಹೋದೆ.

"ಅಜ್ಜ, ನೀರು ಮೊದ್ಲು ಕೆಳಗಿನ ಬೀದಿಗೆ ಬಿಡ್ಸಿ ಕೊಡ್ರಿ. ಬಸ್ ಹೋದ್ ಮ್ಯಾಲೆ ನಿಮ್ಗೆ ಬಿಡ್ಲಿ."

"ಯಾವಾಗ್ಲೂ ಇಲ್ದಿದ್ದು ಈಗ್ಯಾಕವ್ವ? ಹೊತ್ತಾಗಿದ್ರೆ ಬಸ್ಸು ಬಿಟ್ಕಂಡು ಹೋಗ್ಲಿ."

ತಿಪ್ಪೇಶಿಯೂ ಇಳಿದು ಬಂದಿದ್ದ. "ಬಿಟ್ ಹೋದ್ರೆ ಬಸ್ ಖಾಲಿ ಅಜ್ಜ. ಈ ಹೆಂಗಸ್ರು ಇಲ್ಲಾಂದ್ರೆ ಹತ್ತೋರು ಯಾರು? ಖಾಲಿ ಬಸ್ಸನ್ನ ಎಷ್ಟು ದಿನ ಓಡಿಸ್ತಾರೆ?"

ಅಜ್ಜ ನನ್ನ ಮುಖ ನೋಡಿದರು. "ಹೌದ್ರಿ," ಎಂದೆ. "ಜನ ಇಲ್ಲ ಅಂತ ಟ್ರಿಪ್ ನಿಲ್ಲಿಸಿದ್ದನ್ನ ನಾನೇ ಬೇರೆ ಕಡೆ ನೋಡೀನಿ."

ಅಜ್ಜನಿಗೆ ನಮ್ಮ ಮಾತಿಗಿಂತ ನಾಗವೇಣಿಯ ಮೇಲೆ ಸಿಟ್ಟು. "ನಿಂಗೇನಾಗಬೇಕು ಇದ್ರಾಗೆ? ನಿನ್ ಕೆಲ್ಸ ಹೋತಂತಲ್ಲ?"

"ಹೋಗೈತೆ ಅಜ್ಜ. ಅದಕ್ಕೇ ಬಂದೀನಿ."

ಅವಳು ಬಸ್ಸಿನ ಕಡೆ ಕೈ ತೋರಿಸಿದಳು. "ನಿಮ್ ಮನಿಗೆ ಮೊದ್ಲು ನೀರು ಬತ್ತೈತೆ. ಆದ್ರೆ ನಿಮ್ ಮೊಮ್ಮಗಳು ಅಲ್ಲಿ ಕುಂತು ನಮ್ ಕೊಡ ತುಂಬೋದನ್ನ ಕಾಯ್ತಾಳೆ. ಹಿರಿಯೂರಿನಾಗೆ ನಮ್ ಹಿಂದೆ ಅವ್ಳೂ ಓಡ್ತಾಳೆ, ಅವ್ಳಿಗೂ ಬಸ್ ತಪ್ತೈತೆ. ಕೇಳ್ರಿ ಬೇಕಾದ್ರೆ."

ಕೇಳುವ ಅಗತ್ಯವಾಗಲಿಲ್ಲ. ಪಲ್ಲವಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಾತ, ನಂಗೆ ಬೆಳಗಿನ ಮೊದ್ಲ ಕ್ಲಾಸ್ ಸಿಕ್ಕಿ ಎಷ್ಟು ದಿನ ಆತು ಗೊತ್ತಾ? ಅಟೆಂಡೆನ್ಸ್ ಇಲ್ಲ ಅಂತ ಪರೀಕ್ಷೆಗೆ ಕೂರ್ಸಲ್ಲ ಅಂದ್ರೆ ನೀನು ಬಂದು ಮಾತಾಡ್ತೀಯಾ?" ಎಂದು ಕೂಗಿದಳು. ಇಷ್ಟು ದಿನ ಅವಳೂ ಮನೆಯಲ್ಲಿ ಬಸ್ಸೇ ಸರಿಯಿಲ್ಲ ಎಂದಿದ್ದಳಂತೆ. ತನ್ನ ಮನೆಯ ತೊಟ್ಟಿಗೂ ತನ್ನ ಕ್ಲಾಸಿಗೂ ಸಂಬಂಧವಿದೆ ಎಂದು ಅವಳಿಗೂ ಹೊಳೆದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ.

ರುದ್ರಪ್ಪಜ್ಜ ಎದ್ದು ನಿಂತು ಹೆಗಲ ಮೇಲಿನ ವಸ್ತ್ರ ಕೊಡವಿದರು. "ಒಂದು ತಿಂಗಳು ನೋಡಾಣ. ಲೇ ಓಬಳೇಶ, ನಾಡಿದ್ದಿನಿಂದ ಮೊದ್ಲು ಕೆಳಗೆ ಬಿಡಲೇ. ನಮ್ಮೋರು ಯಾರಾದ್ರೂ ಕೇಳಿದ್ರೆ ನನ್ನ ಹೆಸ್ರು ಹೇಳು." ಆಮೇಲೆ ನನ್ನ ಕಡೆ ತಿರುಗಿ, "ನಿಮ್ ಬಸ್ಸಿಗೆ ಕಿಟಕಿ ಗಾಜಿಲ್ಲ, ಅದನ್ನೂ ನೋಡ್ರಿ ಮೊದ್ಲು" ಅಂದರು. ನಾನು ಆಗಲಿ ಎಂದು ಕೈ ಮುಗಿದೆ. ಕಿಟಕಿ ಗಾಜು ನನ್ನ ಕೆಲಸವಲ್ಲ ಎಂದು ಹೇಳುವ ಹೊತ್ತು ಅದಾಗಿರಲಿಲ್ಲ.

ಮರುದಿನ ಮ್ಯಾನೇಜರ್ ಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ಹಣೆ ಒತ್ತಿಕೊಂಡರು. "ಬಸ್ಸು ತಡವಾಗಿದ್ದಕ್ಕೆ ನೀರಿನ ವಾಲ್ವು ಕಾರಣ ಅಂತ ನಾನು ಮೇಲಕ್ಕೆ ಹೇಗ್ರೀ ಬರೆಯಲಿ?" ಎಂದರು. ಬರೆದರೋ ಬಿಟ್ಟರೋ ಗೊತ್ತಿಲ್ಲ. ತಿಪ್ಪೇಶಿಗೆ ಕೊಟ್ಟ ನೋಟಿಸನ್ನು ಅಲ್ಲಿಗೇ ಕೈಬಿಟ್ಟರು. ನನ್ನ ಮೆಮೊ ಹಾಗೇ ಉಳಿಯಿತು.

ಮುಂದಿನ ನೀರಿನ ದಿನ ಬೆಳಗ್ಗೆ ನಾನು ಕಿಟಕಿಯಲ್ಲಿ ಕೂರಲಾರದೆ ನಿಲ್ದಾಣದ ಬಾಯಿಗೇ ಬಂದು ನಿಂತಿದ್ದೆ. ಧರ್ಮಪುರದ ಬಸ್ಸು ಹೊತ್ತಿಗೆ ಮುಂಚೆಯೇ ಒಳಗೆ ತಿರುಗಿತು. ತಿಪ್ಪೇಶಿ ಊರಿಗೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆದ. ಹೆಂಗಸರು ಅಭ್ಯಾಸಬಲದಿಂದ ಓಡುತ್ತಲೇ ಇಳಿದು ದುರ್ಗದ ಅಂಕಣಕ್ಕೆ ಹೋದರು. ಅಲ್ಲಿ ಶಟಲ್ ಇರಲಿಲ್ಲ. ಡಿಪೋದಲ್ಲಿ ಸ್ಟಾರ್ಟ್ ಆಗಲಿಲ್ಲವಂತೆ. ರೆಕಾರ್ಡಿನ ಹೆಣ್ಣುದನಿ ಮಾತ್ರ ಬಸ್ಸು ಹೊರಡಲು ಸಿದ್ಧವಾಗಿದೆ ಎಂದು ಹೇಳುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಡಿಪೋಗೆ ಫೋನ್ ಮಾಡಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬೇರೆ ಬಸ್ಸು ಬಂತು. ಅವರೆಲ್ಲ ಗೇಟು ಹಾಕುವ ಮೊದಲು ಮುಟ್ಟಿದರು ಎಂದು ಸಂಜೆ ಗೊತ್ತಾಯಿತು.

ಆ ದಿನ ನಾಗವೇಣಿ ಬಸ್ಸಿನಲ್ಲಿರಲಿಲ್ಲ. ಬರಲು ಅವಳಿಗೆ ಕೆಲಸವೆಲ್ಲಿತ್ತು? ಅವಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಹೆಂಗಸರೆಲ್ಲ ಸೇರಿ ಕೇಳಿದರೂ ಗಾರ್ಮೆಂಟ್ಸ್‌ನವರು ಒಪ್ಪಲಿಲ್ಲ. ಒಂದು ನೀರಿನ ದಿನ ಮುಂಚೆಯೇ ವಾಲ್ವು ತಿರುಗಿಸಿದ್ದರೆ ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಹಾಗೆ ಲೆಕ್ಕ ಹಾಕಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಹಾಕುತ್ತಿದ್ದೆ.

ಶೇಂಗಾ ಕಿತ್ತು ಮುಗಿದ ಮೇಲೆ ಒಂದು ಬೆಳಗ್ಗೆ ಅವಳು ಮತ್ತೆ ಧರ್ಮಪುರದ ಬಸ್ಸಿನಿಂದ ಇಳಿದಳು. ಹಿರಿಯೂರಿನಲ್ಲೇ, ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಶಾಲೆಯ ಯೂನಿಫಾರ್ಮ್ ಹೊಲಿದುಕೊಡುವ ಅಂಗಡಿಯೊಂದರಲ್ಲಿ ಮಿಷನ್ ಮೇಲೆ ಕೂರುವ ಕೆಲಸ ಸಿಕ್ಕಿತ್ತು. ಗಾರ್ಮೆಂಟ್ಸ್‌ಗಿಂತ ಕೂಲಿ ಕಡಿಮೆ. ಆದರೆ ಅಲ್ಲಿ ಗೇಟಿಲ್ಲ, ಇನ್ನೊಂದು ಬಸ್ಸು ಹಿಡಿಯಬೇಕಾಗಿಲ್ಲ. ಆರಾಮಾಗಿ ನಡೆದು ಹೋಗಬಹುದು.

ಅವಳು ನಡೆದು ಹೋಗಲಿಲ್ಲ. ನೇರ ನನ್ನ ಕಿಟಕಿಗೆ ಬಂದಳು.

"ಏನಣ್ಣ, ದುರ್ಗದ ಬಸ್ಸು ಇನ್ನೂ ಅಂಕಣಕ್ಕೆ ಹಚ್ಚಿಲ್ಲ? ನಮ್ ಹುಡುಗೀರು ಬಂದು ನಿಂತವ್ರೆ, ಕಾಣಲ್ವಾ?"

"ಬರ್ತೈತಮ್ಮ. ನಿಮಗೀಗ ಅದು ಬೇಕಾಗಿಲ್ವಲ್ಲ, ನಿಮ್ಮ ಕೆಲಸಕ್ಕೆ ಹೋಗ್ರಿ."

"ಅವ್ರು ಹತ್ತಲಿ."

ಶಟಲ್ ಬಂತು. ಹೆಂಗಸರು ಹತ್ತಿದರು, ಪಲ್ಲವಿ ಹತ್ತಿದಳು. ಕೊನೆಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ನಾಗವೇಣಿ ಅಂಕಣದ ಕಂಬ ಹಿಡಿದು ನಿಂತಿದ್ದಳು. ಬಸ್ಸು ತಿರುಗಿ ರಸ್ತೆಗೆ ಹೋದ ಮೇಲೆ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಅಂಗಡಿಯ ಕಡೆ ಹೊರಟಳು. ನಾನು ನಿವೃತ್ತನಾಗುವ ತನಕವೂ ಅವಳು ಹಾಗೆ ನಿಲ್ಲುವುದನ್ನು ಬಿಡಲಿಲ್ಲ.